ವಯಸ್ಸಿನ ಪ್ರೋಗ್ರಾಮು

ಬಿಸಿಎ ಮೊದಲ ವರ್ಷಕ್ಕೆ ಮರಿಲಿಂಗಮ್ಮನ ಹೆಸರು ಹಚ್ಚಿ ಬಂದವನು ಅವಳ ಅಣ್ಣ ಸಾಬಣ್ಣ. ಅವಳನ್ನು ಕೇಳಿ ಹಚ್ಚಿದ್ದೇನಲ್ಲ. ಕೇಳಿದ್ದರೂ ಅವಳು ಹೂಂ ಅನ್ನುತ್ತಿದ್ದಳು. ಆ ದಿನಗಳಲ್ಲಿ ಅವಳು ಎಲ್ಲದಕ್ಕೂ ಹೂಂ ಅನ್ನುವವಳೇ. ಉಣ್ಣುತ್ತೀಯಾ ಅಂದರೆ ಹೂಂ, ಉಂಡೆಯಾ ಅಂದರೂ ಹೂಂ. ದೋರನಹಳ್ಳಿಯ ತವರುಮನೆಯ ಪಡಸಾಲೆಯಲ್ಲಿ ಗೋಡೆಗೆ ಬೆನ್ನು ಕೊಟ್ಟು ಕೂತರೆ ಬಿಸಿಲು ಹೊಸ್ತಿಲು ದಾಟಿ ಒಳಗೆ ಬಂದು ಮತ್ತೆ ಹೊರಗೆ ಹೋಗುವ ತನಕ ಅಲ್ಲೇ. ತಾಯಿ ಸುಂದ್ರಮ್ಮ ಅವಳ ಸುತ್ತಲೇ ಕಸ ಹೊಡೆದು, ಅವಳ ಸುತ್ತಲೇ ನೆಲ ಸಾರಿಸಿ, ಕಡೆಗೊಂದು ದಿನ ಮಗನನ್ನು ಹಿತ್ತಲಿಗೆ ಕರೆದು, ಇವಳನ್ನು ಎಲ್ಲಾದರೂ ಹೊರಗೆ ಕಳಿಸು, ನನಗೆ ನೋಡಲಿಕ್ಕೆ ಆಗುತ್ತಿಲ್ಲ ಎಂದು ಅತ್ತಳು.

ಸಾಬಣ್ಣ ಊರ ಪ್ರಾಥಮಿಕ ಶಾಲೆಯ ಮಾಸ್ತರ. ಅವನಿಗೆ ಗೊತ್ತಿದ್ದ ಮದ್ದು ಒಂದೇ, ಅದು ಶಾಲೆ. ತಂಗಿ ಮದುವೆಗೆ ಮೊದಲು ಪಿಯುಸಿ ಸೈನ್ಸ್ ಪಾಸಾದವಳು. ಆ ಅಂಕಪಟ್ಟಿ ಟ್ರಂಕಿನ ತಳದಲ್ಲಿ ಮಡಚಿದ್ದು ಮಡಚಿದ ಹಾಗೇ ಇತ್ತು. ಅದನ್ನು ಹಿಡಿದುಕೊಂಡು ಶಹಾಪುರದ ಡಿಗ್ರಿ ಕಾಲೇಜಿಗೆ ಹೋದ. ಬಿಎ ಸೀಟು ತುಂಬಿಹೋಗಿವೆ, ಬಿಸಿಎದಲ್ಲಿ ಒಂಬತ್ತು ಖಾಲಿ ಅದಾವ ಎಂದ ಗುಮಾಸ್ತ. ಬಿಸಿಎ ಅಂದರೇನು ಎಂದು ಸಾಬಣ್ಣನಿಗೂ ಪೂರ್ತಿ ಗೊತ್ತಿರಲಿಲ್ಲ. ಕಂಪ್ಯೂಟರು ಅಂತ ಗೊತ್ತಿತ್ತು, ಅಷ್ಟೆ. ಕೌಂಟರಿಗೆ ಮೊಣಕೈ ಊರಿ ನಿಂತೇ ಅರ್ಜಿ ತುಂಬಿದ. ವಿವಾಹಿತೆಯೋ ಅವಿವಾಹಿತೆಯೋ ಎಂಬಲ್ಲಿ ವಿವಾಹಿತೆ ಎಂದು ಬರೆದ. ಮುಂದಿನದನ್ನು ಕೇಳುವ ಸಾಲು ಅರ್ಜಿಯಲ್ಲಿ ಇರಲಿಲ್ಲ. ಇಲ್ಲದ್ದೇ ಚಲೋ ಆಯಿತು ಅನ್ನಿಸಿತು ಅವನಿಗೆ.

ಮುಂದಿನದು ಇಷ್ಟು. ಹದಿನೆಂಟಕ್ಕೆ ಮರಿಲಿಂಗಮ್ಮನನ್ನು ಹುಣಸಗಿ ಕಡೆಯ ಒಂದು ಹಳ್ಳಿಗೆ ಕೊಟ್ಟಿದ್ದರು. ಗಂಡ ಖಂಡಪ್ಪನದು ಕಾಲುವೆಯ ಕೆಳಗೆ ನಾಲ್ಕು ಎಕರೆ ಭತ್ತದ ಗದ್ದೆ. ಮನುಷ್ಯ ಮಾತು ಕಡಿಮೆ, ದುಡಿತ ಜಾಸ್ತಿ. ಮೂರು ವರ್ಷ ಕಾಯಿಸಿ ಒಂದು ಹೆಣ್ಣು ಕೂಸು ಹುಟ್ಟಿತು. ಖಂಡಪ್ಪನ ಅಜ್ಜಿಯ ಹೆಸರನ್ನೇ ಇಟ್ಟು ಅಯ್ಯಮ್ಮ ಎಂದು ಕರೆದರು. ಕೂಸು ಬೋರಲು ಬಿದ್ದಿತು, ಅಂಬೆಗಾಲಿಟ್ಟಿತು, ಭತ್ತದ ಚೀಲ ಹಿಡಿದು ಎದ್ದು ನಿಲ್ಲಲು ನೋಡುತ್ತಿತ್ತು. ಅಷ್ಟರಲ್ಲಿ ಬೇಸಿಗೆಯ ನೆಗಡಿ ಎದೆಗೆ ಇಳಿಯಿತು. ಎರಡು ದಿನ ಕಷಾಯ, ಮೂರನೆಯ ದಿನ ಉಸಿರು ಪಟಪಟ ಹೊಡೆದುಕೊಳ್ಳತೊಡಗಿದಾಗ ಜೀಪು ಮಾಡಿಕೊಂಡು ಸುರಪುರಕ್ಕೆ ಹೊರಟರು. ಕಾಲುವೆಯ ಏರಿಯ ಮೇಲಿನ ದಾರಿ. ಅರ್ಧ ದಾರಿಯಲ್ಲೇ ಕೂಸು ಮಡಿಲಲ್ಲಿ ಸುಮ್ಮನಾಯಿತು. ಅದು ಮರಿಲಿಂಗಮ್ಮನಿಗೆ ಆಗಲೇ ಗೊತ್ತಾಯಿತು. ಆದರೆ ಅವಳು ಯಾರಿಗೂ ಹೇಳಲಿಲ್ಲ. ಹೇಳಿದರೆ ಜೀಪು ನಿಲ್ಲುತ್ತಿತ್ತು. ಆಸ್ಪತ್ರೆಯ ಮೆಟ್ಟಿಲ ತನಕ ಕೂಸಿನ ತಲೆಗೆ ಬಿಸಿಲು ಬೀಳದ ಹಾಗೆ ಸೆರಗು ಹಿಡಿದೇ ಕೂತಿದ್ದಳು.

ಮಣ್ಣು ಮಾಡಲಿಕ್ಕೆ ಗಂಡಸರು ಹೋದರು. ಹೆಂಗಸರನ್ನು ಕರೆದೊಯ್ಯುವ ಪದ್ಧತಿ ಇಲ್ಲ. ಓಣಿಯ ಹೆಂಗಸರು ಸುತ್ತ ಕೂತು ಕೂಸಿನ ಆಟ, ಕೂಸಿನ ನಗು ಹಾಡಿ ಹಾಡಿ ಅತ್ತರು. ತಾಯಿ ಅಳಲಿ ಎಂದೇ ಅತ್ತರು. ಮರಿಲಿಂಗಮ್ಮ ಅವರ ಮುಖಗಳನ್ನು ಒಂದೊಂದಾಗಿ ನೋಡುತ್ತ ಕೂತಳೇ ಹೊರತು ಕಣ್ಣಲ್ಲಿ ಹನಿ ಬರಲಿಲ್ಲ. ಎದೆಹಾಲು ಮಾತ್ರ ಐದು ದಿನ ಬಂತು. ಅತ್ತೆ ಭೀಮಮ್ಮ ಮಲ್ಲಿಗೆ ಹೂವು ಅರೆದು ಹಚ್ಚಿ ಬಟ್ಟೆ ಬಿಗಿದು ಕಟ್ಟಿದಳು. ಆರನೆಯ ದಿನ ಹಾಲು ನಿಂತಿತು. ಅದರ ಜೊತೆಗೆ ಉಳಿದದ್ದೂ ನಿಂತ ಹಾಗಾಯಿತು. ಮೈ ತನ್ನದಲ್ಲ, ಯಾರೋ ತೊಡಲು ಕೊಟ್ಟ ಅಂಗಿ ಎಂಬಂತೆ ಎದ್ದು ಕೂತು ಮಾಡುತ್ತಿದ್ದಳು. ತಿಂಗಳು ಕಳೆದ ಮೇಲೆ ಭೀಮಮ್ಮನೇ, ನಾಲ್ಕು ದಿನ ತವರಲ್ಲಿ ಇದ್ದು ಬರಲಿ, ಮನಸ್ಸು ಹಗುರಾಗುತ್ತದೆ ಎಂದು ಕಳಿಸಿದಳು. ನಾಲ್ಕು ದಿನ ಎರಡು ತಿಂಗಳಾಗಿತ್ತು.

ಹೀಗೆ ಮರಿಲಿಂಗಮ್ಮ ಇಪ್ಪತ್ತೆರಡನೆಯ ವಯಸ್ಸಿಗೆ ಹದಿನೆಂಟರ ಹುಡುಗ ಹುಡುಗಿಯರ ನಡುವೆ, ಮೂರನೆಯ ಬೆಂಚಿನ ಗೋಡೆ ಬದಿಗೆ ಹೋಗಿ ಕೂತಳು. ಬೆಳಿಗ್ಗೆ ಸಾಬಣ್ಣ ಬಸ್ಸು ಹತ್ತಿಸುತ್ತಿದ್ದ, ಮಧ್ಯಾಹ್ನ ಅವಳೇ ಬಸ್ಸು ಇಳಿದು ಬರುತ್ತಿದ್ದಳು. ಕಾಲುಂಗುರ ನೋಡಿದ ಹುಡುಗಿಯರು ಲಗ್ನ ಆಗ್ಯಾದ ಎಂದು ತಿಳಿದುಕೊಂಡರು. ಗಂಡ ಬಿಟ್ಟಿರಬೇಕು ಎಂದು ಒಬ್ಬಳು, ಗಂಡನೇ ಓದಿಸುತ್ತಿರಬೇಕು ಎಂದು ಇನ್ನೊಬ್ಬಳು. ಅವಳು ಎರಡಕ್ಕೂ ಅಲ್ಲ ಅನ್ನಲಿಲ್ಲ.

ಪ್ರೋಗ್ರಾಮಿಂಗ್ ಕಲಿಸುತ್ತಿದ್ದವನು ಈಶಪ್ಪ ಸರ್. ವಡಗೇರಾ ಕಡೆಯವನು, ಮೂವತ್ತರ ಆಸುಪಾಸು, ಅತಿಥಿ ಉಪನ್ಯಾಸಕ. ಇರುವುದು ಎರಡೇ ಅಂಗಿ, ಎರಡೂ ಇಸ್ತ್ರಿಯವು. ಮೊದಲನೆಯ ದಿನ ಅವನು ಪುಸ್ತಕ ತೆರೆಯಲಿಲ್ಲ. ಕಂಪ್ಯೂಟರಿಗೆ ಬುದ್ಧಿ ಇದೆ ಎಂದು ಯಾರು ಯಾರು ತಿಳಿದಿದ್ದೀರಿ ಎಂದು ಕೇಳಿದ. ಎಲ್ಲರೂ ಕೈ ಎತ್ತಿದರು. ಅದಕ್ಕೆ ಬುದ್ಧಿಯೂ ಇಲ್ಲ, ಅಂದಾಜೂ ಇಲ್ಲ, ಹೇಳಿದ್ದನ್ನು ಹೇಳಿದ ಸಾಲಿನಲ್ಲೇ ಮಾಡುತ್ತದೆ, ಬಿಟ್ಟದ್ದನ್ನು ಬಿಟ್ಟೇಬಿಡುತ್ತದೆ ಎಂದ. ಬೇಕಾದರೆ ನೋಡೋಣ, ನಾನೇ ಕಂಪ್ಯೂಟರು, ನನ್ನಿಂದ ಒಂದು ಜೋಳದ ರೊಟ್ಟಿ ಮಾಡಿಸಿರಿ ಎಂದು ತೋಳು ಮಡಚಿ ನಿಂತ.

ಹಿಟ್ಟು ಕಲಸ್ರಿ ಸರ ಎಂದ ಒಬ್ಬ ಹುಡುಗ. ಈಶಪ್ಪ ಬರಿಗಾಳಿಯಲ್ಲಿ ಕೈ ಆಡಿಸಿ, ಹಿಟ್ಟು ಎಲ್ಲಿದೆ ಎಂದ. ಪರಾತದಲ್ಲಿ ಹಾಕ್ರಿ ಎಂದಳು ಒಬ್ಬಳು. ನೀರು ಹೇಳಿರಲಿಲ್ಲ, ಒಣಹಿಟ್ಟನ್ನೇ ನಾದಿದ. ತರಗತಿ ನಗೆಯಲ್ಲಿ ಬಿತ್ತು. ನಾಲ್ಕೈದು ಜನ ಸೋತ ಮೇಲೆ ಅವನ ಕಣ್ಣು ಗೋಡೆ ಬದಿಗೆ ಹೋಯಿತು. ನಗದೆ ಇದ್ದವಳು ಅವಳೊಬ್ಬಳೇ. ನೀ ಹೇಳವ್ವ ಎಂದ. ಮರಿಲಿಂಗಮ್ಮ ಎದ್ದು ನಿಂತು ಒಲೆ ಹೊತ್ತಿಸುವುದರಿಂದ ಶುರು ಮಾಡಿದಳು. ಎಸರು ಇಡುವುದು, ನೀರು ಕುದಿಯುವ ತನಕ ಕಾಯುವುದು, ಹಿಟ್ಟಿನ ನಡುವೆ ಕುಳಿ ಮಾಡಿ ಎಸರು ಹೊಯ್ಯುವುದು, ಕೈ ಸುಡದಷ್ಟು ಆರುವ ತನಕ ಬಿಡುವುದು, ನಾದುವುದು, ಉಂಡೆ, ಕೆಳಗೆ ಒಣಹಿಟ್ಟು, ಬಡಿಯುವುದು, ಹಂಚಿಗೆ ಹಾಕಿದ ಮೇಲೆ ನೀರು ಸವರುವುದು, ನೀರು ಆರಿದ ಮೇಲೆ ಮಗುಚುವುದು. ಏರಿಳಿತವಿಲ್ಲದ ದನಿಯಲ್ಲಿ ಹೇಳುತ್ತಲೇ ಹೋದಳು. ಕಡೆಗೆ ಒಲೆ ಆರಿಸುವುದನ್ನೂ ಹೇಳಿ ಕೂತಳು. ಈಶಪ್ಪ ಮಾಡಿ ಮುಗಿಸಿ ಕೈ ಝಾಡಿಸಿಕೊಂಡ. ಇವತ್ತು ಈ ಖೋಲಿಯಲ್ಲಿ ಒಂದೇ ಪ್ರೋಗ್ರಾಮು ನಡೆಯಿತು ಎಂದ. ಎಲ್ಲರೂ ತಿರುಗಿ ನೋಡಿದರು. ಅವಳು ಬೆಂಚಿನ ಮೇಲೆ ಯಾರೋ ಕೈವಾರದಿಂದ ಕೊರೆದ ಹೆಸರನ್ನು ನೋಡುತ್ತಿದ್ದಳು.

ಲ್ಯಾಬಿನಲ್ಲಿ ಹನ್ನೆರಡು ಕಂಪ್ಯೂಟರು, ನಡೆಯುವವು ಎಂಟು. ಒಂದಕ್ಕೆ ಇಬ್ಬರಂತೆ ಬ್ಯಾಚು ಮಾಡಿ ಕೂರಿಸುತ್ತಿದ್ದರು. ಮರಿಲಿಂಗಮ್ಮನ ಪಾಲಿಗೆ ಬಂದವಳು ಅನ್ವರಬಿ, ಶಹಾಪುರದ ಒಬ್ಬ ದರ್ಜಿಯ ಮಗಳು. ಅವಳ ಬಾಯಿಗೆ ಬಿಡುವೇ ಇಲ್ಲ. ಎದುರು ಮನೆಯ ಮೇಕೆ ಈದದ್ದು, ಅಣ್ಣನಿಗೆ ಹೆಣ್ಣು ನೋಡಿದ್ದು, ಎಲ್ಲ ಹೇಳುತ್ತಲೇ ಟೈಪು ಮಾಡುವಳು, ಮಾಡುತ್ತ ಸಾಲಿನ ಕಡೆಯ ಸೆಮಿಕೋಲನ್ ಮರೆಯುವಳು. ಒಂದು ಚುಕ್ಕೆ ಬಿಟ್ಟರೆ ಆ ನೀಲಿ ಪರದೆಯ ಮೇಲೆ ಹದಿನೇಳು ತಪ್ಪು ಎಂದು ಬರುತ್ತಿತ್ತು. ಅನ್ವರಬಿ ಹಣೆ ಬಡಿದುಕೊಂಡಾಗ ಮರಿಲಿಂಗಮ್ಮ ಮೇಲಿನಿಂದ ಕೆಳಗೆ ಸಾಲು ಸಾಲಾಗಿ ಬೆರಳಿಟ್ಟು ನೋಡುತ್ತ ಬಂದು ಬಿಟ್ಟುಹೋದ ಚುಕ್ಕೆ ಇಡುವಳು. ಹದಿನೇಳೂ ಒಮ್ಮೆಗೇ ಹೋಗುತ್ತಿದ್ದವು.

ಅದರಿಂದ ಅವಳಿಗೆ ಸಂತೋಷವಾಯಿತು ಅಂತೇನಲ್ಲ. ಸಂತೋಷ ಎನ್ನುವುದು ಎಲ್ಲೋ ನೆರೆಮನೆಯಲ್ಲಿ ಹಚ್ಚಿದ ರೇಡಿಯೋದ ಹಾಗೆ, ಇದೆ ಎಂದು ಕೇಳುತ್ತಿತ್ತು, ಅಷ್ಟೇ. ಆದರೆ ಲ್ಯಾಬಿನ ಆ ಎರಡು ತಾಸು ಅವಳನ್ನು ಯಾರೂ ಹ್ಯಾಂಗಿದ್ದಿ ಎಂದು ಕೇಳುತ್ತಿರಲಿಲ್ಲ. ಮುಖ ನೋಡಿ ನಿಟ್ಟುಸಿರು ಬಿಡುತ್ತಿರಲಿಲ್ಲ. ತಪ್ಪು ಇದ್ದರೆ ಇಂಥ ಸಾಲಿನಲ್ಲಿ ತಪ್ಪು ಎಂದು ಬರುತ್ತಿತ್ತು, ಇಲ್ಲದಿದ್ದರೆ ಇಲ್ಲ. ಅವಳು ಒಂದು ದಿನವೂ ಲ್ಯಾಬು ತಪ್ಪಿಸಲಿಲ್ಲ.

ಖಂಡಪ್ಪ ತಿಂಗಳಿಗೊಮ್ಮೆ ದೋರನಹಳ್ಳಿಗೆ ಬಂದು ಹೋಗುತ್ತಿದ್ದ. ಅರ್ಧ ಚೀಲ ಅಕ್ಕಿ ಇಳಿಸಿ, ಪಡಸಾಲೆಯಲ್ಲಿ ಕೂತು ಚಹ ಕುಡಿದು, ಸಾಬಣ್ಣನೊಂದಿಗೆ ಕಾಲುವೆಗೆ ನೀರು ಎಂದು ಬಿಡುತ್ತಾರೆ, ಎಂದು ನಿಲ್ಲಿಸುತ್ತಾರೆ ಎಂದು ಮಾತಾಡಿ, ಹೆಂಡತಿಯ ಕಡೆ ನೋಡಿ ಬರ್ತೀನಿ ಎಂದು ಎದ್ದು ಹೋಗುತ್ತಿದ್ದ. ಅವಳು ಹೂಂ ಅನ್ನುತ್ತಿದ್ದಳು.

ಅಕ್ಟೋಬರದಲ್ಲಿ, ದಸರೆಯ ರಜೆ ಮುಗಿದ ಮೇಲೆ, ಹದಿನಾಲ್ಕನೆಯ ಪ್ರೋಗ್ರಾಮು ಬಂತು. ಹುಟ್ಟಿದ ತಾರೀಖು ಮತ್ತು ಇನ್ನೊಂದು ತಾರೀಖು ಕೊಟ್ಟರೆ ನಡುವಿನ ವಯಸ್ಸನ್ನು ವರ್ಷ, ತಿಂಗಳು, ದಿನದಲ್ಲಿ ಹೇಳುವಂಥದು. ಹಿಂದಿನ ವರ್ಷಗಳವರಿಂದ ಝೆರಾಕ್ಸ್ ಆಗುತ್ತ ಬಂದ ಒಂದು ಲ್ಯಾಬ್ ಪುಸ್ತಕ ಇತ್ತು. ಅದನ್ನು ನೋಡಿ ಟೈಪು ಮಾಡಿ, ಎರಡು ಉದಾಹರಣೆ ಕೊಟ್ಟು, ಬಂದ ಉತ್ತರವನ್ನು ರೆಕಾರ್ಡ್ ಬುಕ್ಕಿನಲ್ಲಿ ಬರೆಯಬೇಕು. ಅನ್ವರಬಿ ತನ್ನ ಹುಟ್ಟಿದ ದಿನ ಕೊಟ್ಟಳು. ಹದಿನೆಂಟು ವರ್ಷ, ನಾಲ್ಕು ತಿಂಗಳು, ಇಷ್ಟು ದಿನ ಎಂದು ಬಂತು. ಅಬ್ಬಾ, ಮುದುಕಿ ಆದೆನಲ್ಲ ಎಂದು ನಕ್ಕು, ಈಗ ನಿಂದು ಎಂದು ಕೀಲಿಮಣೆಯನ್ನು ಅವಳ ಕಡೆ ಸರಿಸಿದಳು.

ಮರಿಲಿಂಗಮ್ಮ ಇಪ್ಪತ್ತೇಳು ಒತ್ತಿದಳು. ಎಂಟು. ಎರಡು ಸಾವಿರದ ಹತ್ತು. ಎರಡನೆಯ ತಾರೀಖು ಕೇಳಿದಾಗ ಏಳು ಒತ್ತಿದಳು. ನಾಲ್ಕು. ಎರಡು ಸಾವಿರದ ಹನ್ನೊಂದು. ಯಾಕೆ ಒತ್ತಿದಳು ಎಂದು ಆಮೇಲೆ ಕೇಳಿದ್ದರೆ ಅವಳಿಗೆ ಹೇಳಲು ಬರುತ್ತಿರಲಿಲ್ಲ. ಬೆರಳಿಗೆ ಬಂದದ್ದು ಅದೇ.

ಸೊನ್ನೆ ವರ್ಷ, ಏಳು ತಿಂಗಳು, ಹತ್ತು ದಿನ.

ಅವಳು ನೋಡಿದಳು. ಸೆರಗಿನ ಕೆಳಗೆ ಬೆರಳ ಗೆಣ್ಣುಗಳ ಮೇಲೆ ಹೆಬ್ಬೆರಳು ಓಡಿಸಿ ಎಣಿಸಿದಳು. ಮತ್ತೊಮ್ಮೆ ಎಣಿಸಿದಳು.

ಇದು ತಪ್ಪು ಎಂದಳು.

ಯಾವುದು ತಪ್ಪು, ಪುಸ್ತಕದಲ್ಲಿ ಇರುವ ಹಾಗೇ ಹೊಡೆದಿದ್ದೇವೆ, ಒಂದೂ ಎರರ್ ಇಲ್ಲ, ಬರೆದು ಸಹಿ ಹಾಕಿಸಿಕೊಂಡು ಹೋಗೋಣ ಎಂದಳು ಅನ್ವರಬಿ. ಮರಿಲಿಂಗಮ್ಮ ಎದ್ದು ಹೋಗಿ ಈಶಪ್ಪ ಸರ್ ಮುಂದೆ ನಿಂತಳು. ಕಾಲೇಜಿಗೆ ಬಂದು ಮೂರು ತಿಂಗಳಲ್ಲಿ ತಾನಾಗಿ ಹೋಗಿ ಮಾತಾಡಿದ್ದು ಅದೇ ಮೊದಲು.

ಈಶಪ್ಪ ಬಂದು ಪರದೆ ನೋಡಿದ, ಪುಸ್ತಕ ನೋಡಿದ. ಸಾಲು ಸಾಲು ಸರಿಯಾಗಿತ್ತು.

"ಬುಕ್ಕಿನ ಪ್ರಕಾರ ಬರೋಬ್ಬರಿ ಅದವ್ವ."

"ಹನ್ನೊಂದು ದಿನ ಆಗಬೇಕ್ರಿ ಸರ."

"ಹ್ಯಾಂಗ ಹೇಳ್ತಿ?"

"ಎಣಿಸೀನ್ರಿ."

ಅವನು ಜೇಬಿನಿಂದ ಪೆನ್ನು ತೆಗೆದು ರೆಕಾರ್ಡ್ ಬುಕ್ಕಿನ ಹಿಂದಿನ ಹಾಳೆಯ ಮೇಲೆ ಲೆಕ್ಕ ಹಾಕಿದ. ಆಗಸ್ಟ್ ಇಪ್ಪತ್ತೇಳರಿಂದ ಮಾರ್ಚ್ ಇಪ್ಪತ್ತೇಳಕ್ಕೆ ಏಳು ತಿಂಗಳು. ಮಾರ್ಚಿಗೆ ಮೂವತ್ತೊಂದು ದಿನ. ಉಳಿದ ನಾಲ್ಕು, ಏಪ್ರಿಲಿನ ಏಳು. ಹನ್ನೊಂದು. ಪ್ರೋಗ್ರಾಮಿನಲ್ಲಿ ಬೆರಳಾಡಿಸುತ್ತ ಹೋಗಿ ಒಂದು ಸಾಲಿನ ಮೇಲೆ ನಿಲ್ಲಿಸಿದ. ದಿನ ಸಾಲದೆ ಬಂದಾಗ ಹಿಂದಿನ ತಿಂಗಳಿಂದ ಕಡ ತರುವ ಸಾಲು ಅದು. ಯಾವ ತಿಂಗಳಾದರೂ ಸರಿ, ಮೂವತ್ತೇ ದಿನ ತರುತ್ತಿತ್ತು.

ಎಷ್ಟೋ ವರ್ಷದಿಂದ ಇದೇ ನಡೆದಿದೆ ಎಂದ ಅವನು, ತನಗೆ ತಾನೇ. ತಾನು ಓದುವಾಗಲೂ ಇದನ್ನೇ ಬರೆದಿದ್ದ. ಆಮೇಲೆ ಅವಳ ಕಡೆ ತಿರುಗಿ ಸಮಾಧಾನದ ದನಿಯಲ್ಲಿ, ಪರೀಕ್ಷೆಗೆ ಬರುವವರು ಇಷ್ಟು ಸೂಕ್ಷ್ಮ ನೋಡುವುದಿಲ್ಲ, ವ್ಯತ್ಯಾಸ ಬಿದ್ದರೂ ಒಂದು ದಿನದ್ದು ಎಂದ.

"ಒಂದು ದಿನ ಹೋಗ್ತದಲ್ರಿ ಸರ," ಎಂದಳು ಮರಿಲಿಂಗಮ್ಮ. "ಆ ದಿನ ಇದ್ಳರಿ."

ಈಶಪ್ಪನ ಕೈಯಲ್ಲಿನ ಪೆನ್ನು ನಿಂತಿತು. ಅವನು ಪರದೆಯ ಮೇಲಿನ ಎರಡು ತಾರೀಖುಗಳನ್ನು ಈಗ ಮೊದಲ ಸಲ ನೋಡುವವನ ಹಾಗೆ ನೋಡಿದ.

"ಯಾರ್ದವ್ವ ಈ ತಾರೀಖು?"

"ನನ್ನ ಮಗಳದ್ರಿ. ಅಯ್ಯಮ್ಮ ಅಂತ."

ಆ ಹೆಸರನ್ನು ಅವಳು ಏಪ್ರಿಲಿನಿಂದ ಬಾಯಲ್ಲಿ ತಂದಿರಲಿಲ್ಲ. ಹೇಳಿದ ಮೇಲೆ ಏನೋ ಆಗುತ್ತದೆ ಎಂದು ತುಸು ಕಾದಳು. ಏನೂ ಆಗಲಿಲ್ಲ. ಪಕ್ಕದ ಕಂಪ್ಯೂಟರಿನಲ್ಲಿ ಇಬ್ಬರು ಹುಡುಗರು ಯಾವುದೋ ಮಾತಿಗೆ ನಗುತ್ತಿದ್ದರು. ಅನ್ವರಬಿಯ ಕೈ ಬಂದು ಮರಿಲಿಂಗಮ್ಮನ ಮೊಣಕೈಯ ಮೇಲೆ ಕೂತಿತು.

ಅಯ್ಯೋ ಪಾಪ ಎಂದು ಈಶಪ್ಪ ಅನ್ನಲಿಲ್ಲ. ಒಂದು ಸ್ಟೂಲು ಎಳೆದುಕೊಂಡ.

"ಹಂಗಾದ್ರ ಸರಿ ಮಾಡೋಣ. ಕೂಡ್ರು," ಎಂದ.

ಹನ್ನೆರಡು ತಿಂಗಳಿಗೆ ಹನ್ನೆರಡು ಮನೆ ಇರುವ ಒಂದು ಪಟ್ಟಿ ಮಾಡಿ, ಒಂದೊಂದು ಮನೆಯಲ್ಲಿ ಆ ತಿಂಗಳ ದಿನ ಎಷ್ಟೆಂದು ಇಟ್ಟು, ಕಡ ತರುವಾಗ ಮೂವತ್ತರ ಬದಲು ಆ ಮನೆಯಿಂದ ತರಿಸಬೇಕು ಎಂದು ತೋರಿಸಿದ. ಪಟ್ಟಿಗಳ ಪಾಠ ಇನ್ನೂ ಎರಡು ವಾರ ಮುಂದಿತ್ತು. ಅವನು ಅವಳಿಗೆ ಅಲ್ಲೇ ಹೇಳಿಕೊಟ್ಟ. ಮನೆಗಳ ಎಣಿಕೆ ಒಂದರಿಂದಲ್ಲ, ಸೊನ್ನೆಯಿಂದ ಶುರುವಾಗುತ್ತದೆ ಎಂಬುದನ್ನು ಮೂರು ಸಲ ಹೇಳಿದ. ಅರ್ಧ ಆಗುವುದರೊಳಗೆ ಕರೆಂಟು ಹೋಯಿತು. ಬ್ಯಾಟರಿ ನಾಲ್ಕು ಸಲ ಕೂಗಿ ಸುಮ್ಮನಾಯಿತು. ಅಷ್ಟೂ ಹೊಡೆದದ್ದು ಉಳಿಸಿರಲಿಲ್ಲ, ಹೋಯಿತು. ಮರಿಲಿಂಗಮ್ಮ ಚೀಲ ತೆಗೆದುಕೊಂಡು ಎದ್ದಳು.

ಅಂದು ಸಂಜೆ ಸುಂದ್ರಮ್ಮ ಒಲೆಯ ಮುಂದಿದ್ದಳು. ಪಡಸಾಲೆಯಲ್ಲಿ ಮಗಳು ಅಣ್ಣನ ಮೇಜಿನ ಮುಂದೆ ಹಾಳೆ ಹರಡಿಕೊಂಡು ಕೂತಿದ್ದು ಕಂಡಿತು. ಬರೆದಳು, ಕಾಟು ಹೊಡೆದಳು, ಮತ್ತೆ ಬರೆದಳು. ಆಮೇಲೆ ತಲೆ ಎತ್ತಿ, ಫೆಬ್ರವರಿಗೆ ಇಪ್ಪತ್ತೊಂಬತ್ತು ದಿನ ಯಾವ ವರ್ಷ ಬರ್ತದಣ್ಣಾ ಎಂದು ಕೇಳಿದಳು. ತಂಗಿ ಆ ಮನೆಗೆ ಬಂದ ಮೇಲೆ ಒಂದು ಪ್ರಶ್ನೆಯನ್ನೂ ಕೇಳಿರಲಿಲ್ಲ. ಸಾಬಣ್ಣ ನಾಲ್ಕರಿಂದ ಭಾಗಿಸುವುದನ್ನು ಹೇಳಿದ, ನೂರರ ವರ್ಷಗಳಿಗೆ ಬೇರೆ ನಿಯಮ ಇದೆ ಎಂದ, ನಾನೂರು ಎಂದ; ಐದನೆಯ ತರಗತಿಗೆ ಹೇಳಿದಷ್ಟು ಬಿಡಿಸಿ ಬಿಡಿಸಿ ಅಗತ್ಯಕ್ಕಿಂತ ಎರಡರಷ್ಟು ಹೇಳಿದ. ಅವಳು ಎಲ್ಲವನ್ನೂ ಬರೆದುಕೊಂಡಳು. ಸುಂದ್ರಮ್ಮ ಹಂಚಿನ ಮೇಲಿನ ರೊಟ್ಟಿ ಸೀದು ಕರಿಯಾಗುವ ತನಕ ಮಗುಚಲಿಲ್ಲ.

ಮುಂದಿನ ವಾರದ ಲ್ಯಾಬಿನಲ್ಲಿ ಅವಳೇ ಹೊಡೆದಳು. ಅನ್ವರಬಿ ಹಾಳೆ ಹಿಡಿದು ಓದಿ ಹೇಳಿದಳು, ಒಂದೂ ಬೇರೆ ಮಾತಾಡದೆ. ಮೊದಲ ಸಲ ಐದು ತಪ್ಪು, ಎರಡನೆಯ ಸಲ ಒಂದು. ಮೂರನೆಯ ಸಲ ನಡೆಯಿತು. ಸೊನ್ನೆ ವರ್ಷ, ಏಳು ತಿಂಗಳು, ಹನ್ನೊಂದು ದಿನ. ಮರಿಲಿಂಗಮ್ಮ ಅದನ್ನು ಉಸಿರು ನಾಲ್ಕು ಸಲ ಹೋಗಿ ಬರುವಷ್ಟು ಹೊತ್ತು ನೋಡಿದಳು. ಸರಿ ಇತ್ತು. ಅಷ್ಟೇ ಅನ್ನಿಸಿತು, ಸರಿ ಇದೆ ಎಂದು. ಒಂದು ಕೀಲಿ ಒತ್ತಿದಳು, ಮತ್ತೆ ನೀಲಿ ಪರದೆ ಬಂತು.

ರೆಕಾರ್ಡಿನಲ್ಲಿ ಯಾವ ಉದಾಹರಣೆ ಬರೆಯಲಿ ಎಂದು ಕೇಳಿದಾಗ ಈಶಪ್ಪ, ನಿನಗೆ ಬೇಕಾದ್ದು ಬರಿ, ಇದನ್ನು ಬರೆಯಲೇಬೇಕು ಅಂತಿಲ್ಲ ಎಂದ. ಅವಳು ಎರಡೂ ಅನ್ವರಬಿಯ ಮನೆಯವರ ತಾರೀಖು ಬರೆದಳು. ಅನ್ವರಬಿ ಆ ವಿಷಯವನ್ನು ಕಾಲೇಜಿನಲ್ಲಿ ಒಬ್ಬರಿಗೂ ಹೇಳಲಿಲ್ಲ. ಮೇಕೆ ಈದದ್ದನ್ನು ಮೂವತ್ತು ಜನಕ್ಕೆ ಹೇಳುವ ಹುಡುಗಿ, ಇದನ್ನು ತನ್ನ ಅವ್ವನಿಗೂ ಹೇಳಲಿಲ್ಲ. ಅಂದಿನಿಂದ ಮರಿಲಿಂಗಮ್ಮನನ್ನು ಅಕ್ಕಾ ಎಂದು ಕರೆಯತೊಡಗಿದಳು, ಅಷ್ಟು ಮಾತ್ರ. ಡಬ್ಬಿಯಲ್ಲಿ ತಂದದ್ದರಲ್ಲಿ ಅರ್ಧ ಅವಳ ಮುಂದೆ ಇಟ್ಟು, ಅವಳು ತಿನ್ನುವ ತನಕ ತಾನೂ ಕೈ ಹಚ್ಚುತ್ತಿರಲಿಲ್ಲ.

ಪ್ರಾಕ್ಟಿಕಲ್ ಪರೀಕ್ಷೆ ಡಿಸೆಂಬರಿನ ಒಂದು ಶನಿವಾರ. ಬೆಳಿಗ್ಗೆ ಕಾಲೇಜಿನ ಗೇಟಿನ ಹತ್ತಿರ ಮರಿಲಿಂಗಮ್ಮ ಬಸ್ಸು ಇಳಿದು ಬಂದರೆ ಬೇವಿನ ಮರದ ಕೆಳಗೆ ಖಂಡಪ್ಪ ನಿಂತಿದ್ದ. ಧೋತರದ ಅಂಚಿಗೆ ಒಣಗಿದ ಕೆಸರು, ಹೆಗಲ ಮೇಲೆ ಟವೆಲು. ನಸುಕಿನಲ್ಲಿ ಹೊರಟು ಬಂದಿರಬೇಕು. ಭತ್ತದ ಕೊಯ್ಲು ಮುಗಿಯಿತು, ಅವ್ವ ಕರೆದುಕೊಂಡು ಬಾ ಅಂದಿದ್ದಾಳೆ ಎಂದು ಹೇಳಿದ. ತಾನೇ ಮುಂದುವರಿದು, ನಾನೂ ಅಂದೀನಿ ಎಂದ.

ಹತ್ತು ಗಂಟೆಗೆ ಪರೀಕ್ಷೆ ಅದ ಎಂದಳು ಅವಳು. ಎಷ್ಟು ಹೊತ್ತು ಎಂದು ಕೇಳಿದ. ಮಧ್ಯಾಹ್ನ ಎರಡಾಗಬಹುದು ಎಂದಳು. ಸರಿ ಎಂದು ಮರದ ಬುಡದಲ್ಲಿ ಕೂತ.

ಯಾದಗಿರಿಯಿಂದ ಬಂದಿದ್ದ ಪರೀಕ್ಷಕರು ಚೀಟಿ ಎತ್ತಿಸಿದರು. ಅವಳಿಗೆ ಬಂದದ್ದು ಒಂದು ಸಂಖ್ಯೆ ಅವಿಭಾಜ್ಯವೋ ಅಲ್ಲವೋ ಎಂದು ಹೇಳುವ ಪ್ರೋಗ್ರಾಮು. ಕಾಗದದ ಮೇಲೆ ಬರೆದಳು, ಹೊಡೆದಳು, ನಡೆಸಿ ತೋರಿಸಿದಳು. ಬಾಯಿಪ್ರಶ್ನೆಯಲ್ಲಿ ಎರಡಕ್ಕೆ ಉತ್ತರ ಬಂತು, ಒಂದಕ್ಕೆ ಬರಲಿಲ್ಲ. ಬರುವುದಿಲ್ರಿ ಎಂದು ಹೇಳಿ ಎದ್ದಳು. ಹೊರಗೆ ಬಂದರೆ ಅನ್ವರಬಿ ತನಗೆ ಬಂದ ಚೀಟಿಯನ್ನೂ, ಅದನ್ನು ಬರೆದ ದೇವರನ್ನೂ ಬೈಯುತ್ತಿದ್ದಳು. ಮರದ ಕೆಳಗಿನವರು ಯಾರು ಎಂದು ಕಣ್ಣಲ್ಲೇ ಕೇಳಿದಳು. ನಮ್ಮ ಮನಿಯವ್ರು ಎಂದಳು ಮರಿಲಿಂಗಮ್ಮ.

ಖಂಡಪ್ಪ ಎಲ್ಲಿಂದಲೋ ಎರಡು ಪೇಪರಿನಲ್ಲಿ ಮಂಡಕ್ಕಿ ತಂದಿಟ್ಟಿದ್ದ. ಇಬ್ಬರೂ ಮರದ ಕೆಳಗೆ ಕೂತು ತಿಂದರು. ತಿನ್ನುತ್ತ ಅವಳು ಎಂಟು ತಿಂಗಳಲ್ಲಿ ಕೇಳದ್ದನ್ನು ಕೇಳಿದಳು.

"ಎಲ್ಲಿ ಇಟ್ರಿ?"

ಏನನ್ನು ಎಂದು ಅವನು ಕೇಳಲಿಲ್ಲ. ಪೇಪರನ್ನು ಮಡಚುತ್ತ ಮಡಚುತ್ತ, ನಮ್ಮ ಹೊಲದಾಗ ಎಂದ. ಮೂಡಣ ಮೂಲೆಯಲ್ಲಿ, ಬದುವಿನ ಹತ್ತಿರ. ಊರ ಹಿರಿಯರು ಬೇರೆ ಕಡೆ ಅಂದಿದ್ದರು, ತಾನು ಕೇಳಲಿಲ್ಲ. ಈ ಸಲ ನಾಟಿ ಮಾಡುವಾಗ ಆ ಮೂಲೆ ಬಿಟ್ಟೇ ಮಾಡಿದ್ದಾಗಿ ಹೇಳಿದ. ಇದನ್ನು ಹೇಳಲಿಕ್ಕೆಂದೇ ತಿಂಗಳು ತಿಂಗಳೂ ದೋರನಹಳ್ಳಿಗೆ ಬಂದು, ಹೇಳಲಾಗದೆ ಚಹ ಕುಡಿದು ಹೋಗುತ್ತಿದ್ದೆ ಎಂದೂ ಹೇಳಿದ.

ಅಲ್ಲಿಂದ ಸಾಬಣ್ಣನಿಗೆ ಫೋನು ಮಾಡಿಸಿ ಇಬ್ಬರೂ ಸುರಪುರದ ಬಸ್ಸು ಹತ್ತಿದರು. ಸುರಪುರದಲ್ಲಿ ಬದಲಿಸಿ ಹುಣಸಗಿ. ಕಾಲುವೆಯ ಏರಿ ಬಂದಾಗ ಅವಳು ಕಿಟಕಿಯ ಕಡೆ ಇದ್ದಳು. ಖಂಡಪ್ಪ ಜಾಗ ಬದಲಿಸೋಣವೇ ಎಂದು ಕೇಳಿದ. ಬೇಡ ಎಂದಳು. ನೀರು ತುಂಬಿ ಹರಿಯುತ್ತಿತ್ತು. ಅವಳು ನೋಡುತ್ತಲೇ ಹೋದಳು.

ಮರುದಿನ ಬೆಳಿಗ್ಗೆ, ಬಿಸಿಲೇರಿದ ಮೇಲೆ, ಹೊಲಕ್ಕೆ ಹೋದರು. ಭೀಮಮ್ಮ ಬಾಗಿಲ ತನಕ ಬಂದು ನಿಂತಳು, ಬರಲಿಲ್ಲ. ಕೊಯ್ದ ಭತ್ತದ ಕೂಳೆ ಉದ್ದಕ್ಕೂ ಚುಚ್ಚುತ್ತಿತ್ತು. ಮೂಡಣ ಮೂಲೆಯಲ್ಲಿ ಹತ್ತು ಹೆಜ್ಜೆ ಉದ್ದ, ಹತ್ತು ಹೆಜ್ಜೆ ಅಗಲ ಕೂಳೆ ಇರಲಿಲ್ಲ. ಬರೀ ಹುಲ್ಲು, ಒಂದು ಕಡೆ ಮೂರು ಚಪ್ಪಟೆ ಕಲ್ಲು. ಸುತ್ತ ಸಣ್ಣದೊಂದು ಬದು ಹಾಕಿದ್ದ, ಗದ್ದೆಗೆ ನಿಲ್ಲಿಸಿದ ನೀರು ಅದರೊಳಗೆ ಬಾರದ ಹಾಗೆ.

ಮರಿಲಿಂಗಮ್ಮ ಬದುವಿನ ಹೊರಗೆ ನಿಂತಳು. ಇಲ್ಲಿಗೆ ಬಂದರೆ ಅಳು ಬರುತ್ತದೆ ಎಂದು ಅವಳು ಬಸ್ಸಿನಲ್ಲೇ ಅಂದುಕೊಂಡಿದ್ದಳು. ಅದಕ್ಕೆ ತಯಾರಾಗಿಯೇ ಬಂದಿದ್ದಳು. ಬರಲಿಲ್ಲ. ಕಲ್ಲುಗಳ ಮೇಲೆ ಇರುವೆ ಸಾಲು ಹೋಗುತ್ತಿತ್ತು. ಕಾಲುವೆಯ ಆಚೆ, ಆಂಧ್ರದಿಂದ ಬಂದು ನೆಲೆಸಿದ ರೈತರ ಕ್ಯಾಂಪಿನಲ್ಲಿ, ಯಾರೋ ಭತ್ತದ ಯಂತ್ರ ನಡೆಸುತ್ತಿದ್ದರು. ಎಲ್ಲ ಕಾಣುತ್ತಿತ್ತು, ಎಲ್ಲ ಕೇಳುತ್ತಿತ್ತು, ಅವಳ ತನಕ ಏನೂ ಬರುತ್ತಿರಲಿಲ್ಲ.

"ಏನರ ಆತೇನು?" ಎಂದು ಖಂಡಪ್ಪ ಹಿಂದಿನಿಂದ ಕೇಳಿದ.

"ಏನೂ ಆಗವಲ್ದ್ರಿ," ಎಂದಳು. ಅದು ನಿಜವೇ ಆಗಿತ್ತು.

ಆಗ ಅವನು ಕುಕ್ಕರಗಾಲಿನಲ್ಲಿ ಕೂತ. ಟವೆಲಿನಿಂದ ಮುಖ ಮುಚ್ಚಿಕೊಂಡ. ಮೊದಲು ಕೆಮ್ಮುತ್ತಿದ್ದಾನೆ ಎಂದುಕೊಂಡಳು. ಆ ಮನುಷ್ಯ ಅಳುವುದನ್ನು ಅವಳು ಕಂಡಿರಲಿಲ್ಲ. ಮಣ್ಣು ಮಾಡಿ ಬಂದ ದಿನವೂ ಅವನು ಕೈಕಾಲು ತೊಳೆದು ಎತ್ತಿಗೆ ಮೇವು ಹಾಕಲು ಹೋಗಿದ್ದ. ಈಗ ಬಾಗಿದ ಬೆನ್ನು ಎದ್ದು ಎದ್ದು ಬೀಳುತ್ತಿತ್ತು. ಮರಿಲಿಂಗಮ್ಮ ಪಕ್ಕದಲ್ಲಿ ಕೂತು ಆ ಬೆನ್ನಿನ ಮೇಲೆ ಕೈ ಇಟ್ಟಳು. ಅಂಗಿ ಬಿಸಿಲಿಗೆ ಕಾದಿತ್ತು. ಆ ಬಿಸಿ ಅವಳ ಅಂಗೈಗೆ ಹತ್ತಿತು. ಕೈ ತೆಗೆಯಲಿಲ್ಲ. ಅವನು ಸಾಕಾಗುವ ತನಕ ಅತ್ತ. ಅವಳು ಅಲ್ಲೇ ಕೂತಿದ್ದಳು, ಅಂಗೈಯನ್ನು ಅಲ್ಲೇ ಇಟ್ಟುಕೊಂಡು.

ಮನೆಗೆ ಬಂದ ಮೇಲೆ ಭೀಮಮ್ಮ ಉಣ್ಣಲು ಹಾಕಿದಳು. ಉಂಡು ಕೈ ತೊಳೆಯುವಾಗ ಮರಿಲಿಂಗಮ್ಮ, ಬುಧವಾರದಿಂದ ಥಿಯರಿ ಪರೀಕ್ಷೆ ಅದಾವ, ನಾಳೆ ಮುಂಜಾನೆ ಹೋಗಬೇಕು ಎಂದಳು. ಅತ್ತೆ ಮಗನ ಮುಖ ನೋಡಿದಳು. ಮಗ ಗೋಡೆ ನೋಡಿದ. ಮೂರು ವರ್ಷದ ಓದಂತಲ್ಲ ಎಂದಳು ಭೀಮಮ್ಮ, ಬೈಗುಳವೂ ಅಲ್ಲ, ಒಪ್ಪಿಗೆಯೂ ಅಲ್ಲ ಎನ್ನುವ ದನಿಯಲ್ಲಿ. ಹೌದ್ರಿ ಅತ್ತಿ, ಮೂರು ವರ್ಷ ಎಂದಳು ಸೊಸೆ. ಆ ಮಾತು ಅಲ್ಲಿಗೇ ನಿಂತಿತು. ಆದರೆ ರಾತ್ರಿಯ ಊಟಕ್ಕೆ ರೊಟ್ಟಿ ಬಡಿಯುತ್ತ ಭೀಮಮ್ಮ ನಾಲ್ಕು ಹೆಚ್ಚಿಗೆ ಬಡಿದು, ದಾರಿಗೆ ಬೇಕಲ್ಲ ಎಂದು ಬಟ್ಟೆಯಲ್ಲಿ ಸುತ್ತಿಟ್ಟಳು.

ಸೋಮವಾರ ಖಂಡಪ್ಪ ಅವಳನ್ನು ಹುಣಸಗಿ ಬಸ್ ನಿಲ್ದಾಣಕ್ಕೆ ತಂದು ಬಿಟ್ಟ. ಬಸ್ಸು ಇನ್ನೂ ಬಂದಿರಲಿಲ್ಲ. ಕಟ್ಟೆಯ ಮೇಲೆ ಕೂತು, ಶನಿವಾರ ಇಲ್ಲಿಗೆ ಬಂದು ಸೋಮವಾರ ಹೋಗಲು ಆಗುತ್ತದೆಯೇ ಎಂದು ಕೇಳಿದ. ಶನಿವಾರ ಕಾಲೇಜು ಅರ್ಧ ದಿನ, ಒಂದು ಗಂಟೆಯ ಬಸ್ಸು ಸಿಕ್ಕರೆ ಸಂಜೆಯೊಳಗೆ ಬರಬಹುದು ಎಂದು ಅವಳು ಲೆಕ್ಕ ಹಾಕಿ ಹೇಳಿದಳು. ಪ್ರತಿ ವಾರ ಆಗಲಿಕ್ಕಿಲ್ಲ ಎಂದೂ ಹೇಳಿದಳು. ಆಗದ ವಾರ ನಾ ಬರ್ತೀನಿ ಎಂದ ಅವನು. ಬಸ್ಸು ಬಂತು. ಅವಳು ಹತ್ತಿ ಕಿಟಕಿಯ ಪಕ್ಕ ಕೂತಳು. ರೊಟ್ಟಿಯ ಗಂಟು ಮಡಿಲಲ್ಲಿತ್ತು. ಸುರಪುರ ದಾಟುವುದರೊಳಗೆ ಹಸಿವಾಯಿತು. ಗಂಟು ಬಿಚ್ಚಿ ಒಂದು ರೊಟ್ಟಿ ತಿಂದಳು, ಇನ್ನೊಂದು ಮುರಿದಳು.